ಗೂಟನ ನಗುವಿನ ವಿಲೇವಾರಿ

ಹವ್ಯಾಸಿ ಕುಸ್ತಿ ಮಹಾಮಂಡಳಿಯ ಹನ್ನೊಂದನೆಯ ನಿಯಮದ ಪ್ರಕಾರ, ಹವ್ಯಾಸಿ ಕುಸ್ತಿಪಟುವಾದವನು ಕುಸ್ತಿಯಿಂದ ಯಾವುದೇ ಬಗೆಯ ಲಾಭವನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಪಡೆಯತಕ್ಕದ್ದಲ್ಲ. ಇದು ಒಳ್ಳೆಯ ನಿಯಮ. ಇದರಲ್ಲಿ ತಪ್ಪು ಹುಡುಕುವವರು ನಿಯಮವನ್ನು ಪೂರ್ತಿ ಓದಿಲ್ಲ. ಪೂರ್ತಿ ಓದಿದರೆ, ಅದು ಕುಸ್ತಿ ಆಡುವವರಿಗೆ ಮಾತ್ರ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗುತ್ತದೆ. ಮಹಾಮಂಡಳಿಯ ಕಾರ್ಯದರ್ಶಿಗಳು ಜನ್ಮದಲ್ಲಿ ಕುಸ್ತಿ ಆಡಿದವರಲ್ಲವಾದ್ದರಿಂದ ಅವರಿಗೊಂದು ಕಾರು, ಕಾರಿಗೊಬ್ಬ ಡ್ರೈವರು, ಡ್ರೈವರಿಗೊಂದು ಕೋಣೆ, ಆ ಕೋಣೆಗೊಂದು ಎ.ಸಿ. ಇದ್ದವು. ಇದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ನಮ್ಮ ಕತೆಯ ಗೂಟನಿಗಂತೂ ಇರಲೇ ಇಲ್ಲ. ಗೂಟ ಎನ್ನುವುದು ಅವನಿಗೆ ಕುಸ್ತಿಯಲ್ಲಿ ಬಿದ್ದ ಹೆಸರು. ಮ್ಯಾಟಿನ ಮೇಲೆ ಕಾಲೂರಿ ನಿಂತನೆಂದರೆ ಅವನನ್ನು ಕೀಳಲು ಯಾರಿಂದಲೂ ಆಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ಅವನದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತಿ ಬಡಿದು, ಗವಸಿಗೆ ತುಂಬಿ, ಅಂಗೈಯಷ್ಟು ಉದ್ದದ ದಬ್ಬಣದಿಂದ ಹೊಲಿಯುತ್ತಿದ್ದ. ಸಂಜೆ ಮೂಗಿನಲ್ಲಿದ್ದ ಹತ್ತಿ ಸೀನಿಕೊಂಡು ಗರಡಿಗೆ ಹೋಗುತ್ತಿದ್ದ. ಗರಡಿಯ ಮ್ಯಾಟು ಹರಿದರೆ ಅದನ್ನೂ ಅವನೇ ಅದೇ ದಬ್ಬಣದಿಂದ ಹೊಲಿಯುತ್ತಿದ್ದ. ಅದಕ್ಕೆ ಅವನು ಏನನ್ನೂ ಕೇಳುತ್ತಿರಲಿಲ್ಲ, ಮಹಾಮಂಡಳಿಯೂ ಕೊಡುವ ತಪ್ಪು ಮಾಡುತ್ತಿರಲಿಲ್ಲ.

ಅವನು ಚಾಂಪಿಯನ್ ಆಗಿದ್ದ. ಒಂದು ಸಲ ಆದವನು ಮತ್ತೆ ಇಳಿಯಲೇ ಇಲ್ಲ. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿ ಚಿತ್ ಮಾಡಿದ ಮೇಲೆ ಮೊಣಕಾಲೂರಿ ಕೂತು, ಎರಡೂ ಅಂಗೈಯಿಂದ ಮ್ಯಾಟನ್ನು ಪಟಪಟ ಬಡಿದು, ಗಹಗಹಿಸಿ ನಗುತ್ತಿದ್ದ. ಆ ನಗು ಹೊರಗೆ ನಿಂತಿದ್ದ ಬಸ್ಸಿನವರಿಗೂ ಕೇಳಿಸುತ್ತಿತ್ತು. ಸೋತವನೂ ಒಮ್ಮೊಮ್ಮೆ ಮಲಗಿದ್ದಲ್ಲೇ ನಕ್ಕುಬಿಡುತ್ತಿದ್ದ. ಮೂರನೇ ಸಾಲಿನಲ್ಲಿ ಅವನ ಹೆಂಡತಿ ಕೂತಿರುತ್ತಿದ್ದಳು. ಅವಳು ಸುಳ್ಳು ಹೇಳದ ಹೆಂಗಸು. ಈ ಗುಣದಿಂದ ನೆಂಟರಿಷ್ಟರಲ್ಲಿ ಅವಳಿಗೆ ಬೇಕಾದವರು ಕಡಿಮೆ. ಗಂಡ ಸೊಗಸಾಗಿ ಆಡಿದರೆ ಸೊಗಸಾಗಿತ್ತು ಅನ್ನುತ್ತಿದ್ದಳು, ಕೆಟ್ಟದಾಗಿ ಆಡಿ ಗೆದ್ದರೆ ಅದನ್ನೂ ಬಸ್ಸಿನಲ್ಲೇ ಎಲ್ಲರ ಎದುರು ಹೇಳುತ್ತಿದ್ದಳು.

ಪಕ್ಕದಲ್ಲಿ ಇಸ್ತ್ರಿ ಅಂಗಡಿಯವನೊಬ್ಬನಿದ್ದ. ಇಡೀ ಬೀದಿಯ ಬಟ್ಟೆಯ ಸುಕ್ಕು ತೆಗೆಯುತ್ತಿದ್ದ ಅವನ ಮುಖದ ಸುಕ್ಕು ಮಾತ್ರ ಯಾವತ್ತೂ ಹೋಗಿರಲಿಲ್ಲ. ಅವನು ನಕ್ಕಿದ್ದನ್ನು ನೋಡಿದವರಿಲ್ಲ. ಕತೆಯ ಕೊನೆಗೆ ಅವನು ಬೇಕಾಗುತ್ತಾನೆ, ಸದ್ಯಕ್ಕೆ ಇಸ್ತ್ರಿ ಮಾಡುತ್ತಿರಲಿ.

ತಾಪತ್ರಯ ಶುರುವಾದದ್ದು ಒಂದು ಹಾಸಿಗೆಯಿಂದ. ಗೂಟನ ಕೈಯಲ್ಲಿ ಸೋತಿದ್ದ ಒಬ್ಬ ಕುಸ್ತಿಪಟುವಿನ ಸೋದರಮಾವ ಹಾಸಿಗೆ ಕೊಳ್ಳಲು ಬಂದಿದ್ದರು. ಯಾರ ಅಂಗಡಿ ಎಂದು ತಿಳಿಯದೆ ಬಂದವರು. ಅವರ ಮುಂದೆಯೇ ಇನ್ನೊಬ್ಬ ಗಿರಾಕಿ ಹಾಸಿಗೆಯನ್ನು ತಟ್ಟಿ, "ಚಾಂಪಿಯನ್ ಹೊಲಿದಿದ್ದು ಸ್ವಾಮಿ, ಗಟ್ಟಿ ಇರದೇ ಏನು?" ಅಂದುಬಿಟ್ಟ. ಸೋದರಮಾವನವರು ಹಾಸಿಗೆಯನ್ನು ಕೊಂಡರು, ಮಹಾಮಂಡಳಿಗೆ ದೂರನ್ನೂ ಕೊಟ್ಟರು. ಕುಸ್ತಿಯ ಹೆಸರಿನಲ್ಲಿ ಹಾಸಿಗೆ ಮಾರಾಟವಾಗುತ್ತಿದೆ ಎಂಬುದಕ್ಕೆ ತಾವು ಕೊಂಡ ಹಾಸಿಗೆಯೇ ಸಾಕ್ಷಿ ಎಂದು ಅದನ್ನು ಕಚೇರಿಯಲ್ಲಿ ಇಟ್ಟುಹೋದರು. ವಿಚಾರಣೆ ಮುಗಿಯುವ ತನಕ ಮಧ್ಯಾಹ್ನದ ಹೊತ್ತು ಕಾರ್ಯದರ್ಶಿಗಳು ಆ ಸಾಕ್ಷಿಯ ಮೇಲೆ ಮಲಗುತ್ತಿದ್ದರು.

ವಿಚಾರಣಾ ಸಮಿತಿಗೆ ಕಾರ್ಯದರ್ಶಿಗಳೇ ಅಧ್ಯಕ್ಷರು. ನಿಷ್ಪಕ್ಷಪಾತವಾಗಿರಲೆಂದು ಇನ್ನೊಬ್ಬ ಸದಸ್ಯರು ಬೇಕಾಗಿದ್ದರಿಂದ ಅವರ ಭಾವಮೈದುನನನ್ನು ನೇಮಿಸಲಾಯಿತು. ಆತ ಯಾವ ಕೆಲಸದಲ್ಲೂ ಇರಲಿಲ್ಲವಾದ್ದರಿಂದ ಯಾರ ಹಂಗೂ ಅವನಿಗಿರಲಿಲ್ಲ.

ಮೊದಲನೆಯ ಆದೇಶದಂತೆ ಗೂಟ ತನ್ನ ಅಂಗಡಿಯ ಮುಂದೆ ಒಂದು ಬೋರ್ಡು ಹಾಕಿದ: "ಪ್ರಕಟಣೆ. ಈ ಅಂಗಡಿಯ ಮಾಲೀಕರು ಚಾಂಪಿಯನ್ ಆಗಿರುವುದಕ್ಕೂ ಇಲ್ಲಿನ ಹಾಸಿಗೆಗಳು ಗಟ್ಟಿಯಾಗಿರುವುದಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಗ್ರಾಹಕರು ಇದನ್ನು ಮರೆತು ವ್ಯವಹರಿಸತಕ್ಕದ್ದು." ಬೋರ್ಡು ಹಾಕುವ ಮೊದಲು ಅರ್ಧ ಊರಿಗೆ ಅವನು ಚಾಂಪಿಯನ್ ಎಂದು ಗೊತ್ತಿರಲಿಲ್ಲ. ಹಾಕಿದ ಮೇಲೆ ಎಲ್ಲರಿಗೂ ಗೊತ್ತಾಗಿ, ಅದನ್ನು ಮರೆತೇ ಕೊಳ್ಳಲು ಜನ ಸಾಲುಗಟ್ಟಿ ಬಂದರು. ಇದು ಅವನ ಅಪರಾಧವನ್ನು ಇನ್ನಷ್ಟು ಗಂಭೀರಗೊಳಿಸಿತು.

ಹಾಗಾಗಿ ವಿಸ್ತೃತ ವಿಚಾರಣೆ ನಡೆಯಿತು. ಗೂಟ ತನಗೆ ಕುಸ್ತಿ ಕಲಿಸಿದ ವಸ್ತಾದರನ್ನೂ ಹೆಂಡತಿಯನ್ನೂ ಕರೆದುಕೊಂಡು ಕಚೇರಿಗೆ ಹೋದ. ವಸ್ತಾದರಿಗೆ ವಯಸ್ಸಾಗಿತ್ತು, ಕಿವಿ ಎರಡೂ ಜಜ್ಜಿಹೋಗಿದ್ದವು. ಅವರು ಕುರ್ಚಿಯ ತುದಿಯಲ್ಲಿ ಕೂತು ಕೈ ಮುಗಿದುಕೊಂಡೇ ಇದ್ದರು.

"ನಿಮ್ಮ ಕತ್ತು ಯಾಕಿಷ್ಟು ದಪ್ಪ?" ಕಾರ್ಯದರ್ಶಿಗಳು ಗೂಟನನ್ನು ಕೇಳಿದರು.

"ಕುಸ್ತಿ ಆಡಿ ಆಡಿ ಆಗಿದೆ ಸಾರ್."

"ಆ ಕತ್ತಿನ ಮೇಲೆ ಹತ್ತಿ ಮೂಟೆ ಹೊರ್ತೀರಾ?"

"ಹೊರ್ತೀನಿ ಸಾರ್."

ಭಾವಮೈದುನ ಬರೆದುಕೊಂಡ.

"ಬಸ್ಸಲ್ಲಿ ಯಾರಾದ್ರೂ ಗುರುತು ಹಿಡಿದು ಸೀಟು ಬಿಟ್ಕೊಡ್ತಾರಾ?"

"ಒಬ್ಬರೋ ಇಬ್ಬರೋ ಬಿಟ್ಕೊಡ್ತಾರೆ. ನಾನು ಬೇಡ ಅಂತೀನಿ. ಮೊಣಕಾಲು ನೋಯ್ತಿದ್ರೆ ಮಾತ್ರ ಕೂತ್ಕೋತೀನಿ."

"ಮೊಣಕಾಲು ನೋವು ಎಲ್ಲಿಂದ ಬಂತು?"

"ಕುಸ್ತಿಯಿಂದಾನೇ ಸಾರ್."

ಕಾರ್ಯದರ್ಶಿಗಳ ಮುಖ ಅರಳಿತು. ಅವರು ಕಟುಕರಲ್ಲ. "ನೋಡಿ, ಅದು ನಷ್ಟ. ನಷ್ಟವನ್ನ ನಿಯಮ ಮುಟ್ಟೋದಿಲ್ಲ. ಮೊಣಕಾಲು ನೋವನ್ನ ನೀವು ಧಾರಾಳವಾಗಿ ಇಟ್ಕೋಬಹುದು."

"ದೊಡ್ಡ ಉಪಕಾರ ಆಯ್ತು ಸಾರ್," ಅಂದರು ವಸ್ತಾದರು.

ಆಮೇಲೆ ಹೆಂಡತಿಯ ಸರದಿ ಬಂತು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

"ತಾಯೀ, ನೀವು ಇವರನ್ನ ಯಾಕೆ ಮದುವೆ ಆದ್ರಿ?"

"ಕುಸ್ತಿ ನೋಡಿ."

ವಸ್ತಾದರು ಕೆಮ್ಮಿದರು. ಗೂಟ ಅವಳ ಕಾಲನ್ನು ಮೆಲ್ಲಗೆ ತುಳಿದ. ಕಾರ್ಯದರ್ಶಿಗಳೂ ಒಂದು ದಾರಿ ಮಾಡಿಕೊಡಲು ನೋಡಿದರು. "ಅಂದ್ರೆ, ಗುಣ ನೋಡಿ ಅಂತ ಬರ್ಕೊಳ್ಳೋಣವಾ?"

"ಗುಣ ಆಮೇಲೆ ಗೊತ್ತಾಯ್ತು. ಮೊದಲು ನೋಡಿದ್ದು ಕುಸ್ತಿನೇ. ಒಬ್ಬನ್ನ ಕೆಡವಿ, ಮ್ಯಾಟ್ ಬಡಿದು ನಕ್ಕರಲ್ಲ, ಆ ನಗು ನೋಡಿ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ, ಆದ್ರೆ ಇವರನ್ನೇ ಆಗೋದು ಅಂತ."

"ಇವರು ಕುಸ್ತಿ ಆಡದೇ ಬರೀ ಹಾಸಿಗೆ ಹೊಲಿಯೋರಾಗಿದ್ರೂ ಆಗ್ತಿದ್ರಿ, ಅಲ್ವಾ?"

"ಯಾಕಾಗ್ತಿದ್ದೆ? ಬರೀ ಹಾಸಿಗೆ ಹೊಲಿಯೋರು ನಮ್ಮ ಬೀದೀಲೇ ಇಬ್ಬರಿದ್ರು."

ಕಾರ್ಯದರ್ಶಿಗಳು ಪೆನ್ನು ಕೆಳಗಿಟ್ಟರು. ಬೋರ್ಡು, ಕತ್ತು, ಬಸ್ಸಿನ ಸೀಟು ಎಲ್ಲವನ್ನೂ ಹೇಗೋ ಸಾವರಿಸಬಹುದಿತ್ತು. ಇಡೀ ಹೆಂಡತಿಯನ್ನೇ ಕುಸ್ತಿಯಿಂದ ಗಳಿಸಿದವನನ್ನು ಹವ್ಯಾಸಿ ಎಂದು ಕರೆಯುವುದು ಹೇಗೆ? ಹವ್ಯಾಸಿ ಅಲ್ಲ ಎಂದಾದರೆ ಇದುವರೆಗಿನ ಗೆಲುವುಗಳೆಲ್ಲ ರದ್ದು, ಮುಂದೆ ಮ್ಯಾಟು ಹತ್ತುವಂತಿಲ್ಲ. ಗೂಟನಿಗೆ ಗೊತ್ತಿದ್ದದ್ದು ಎರಡೇ, ಕುಸ್ತಿ ಮತ್ತು ಇವಳು. ಎರಡರಲ್ಲಿ ಒಂದನ್ನು ಬಿಡು ಎಂದರೆ ಬದುಕುವುದು ಹೇಗೆಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಲಾಭವನ್ನು ಮೂಲಸ್ಥಾನಕ್ಕೆ ಹಿಂದಿರುಗಿಸಬೇಕೆಂದು ಸಮಿತಿಯು ಗೂಟನ ಮಾವನವರಿಗೆ ಪತ್ರ ಬರೆಯಿತು. ಅವರು ಸಣ್ಣ ಮಗನ ಮನೆಯ ಒಂದು ಕೋಣೆಯಲ್ಲಿದ್ದರು. ಜಾಗವಿಲ್ಲ, ಅಲ್ಲದೆ ಮಗಳು ಬಂದರೆ ಸೊಸೆಗೆ ನಿಜ ಹೇಳುತ್ತಾಳೆ, ದಯವಿಟ್ಟು ಕಳಿಸಬೇಡಿ ಎಂದು ಉತ್ತರ ಬರೆದರು. ಕೊನೆಗೆ ಸಮಿತಿಯು ಮಾನವೀಯ ನೆಲೆಯಲ್ಲಿ ಒಂದು ತೀರ್ಮಾನಕ್ಕೆ ಬಂತು. ಆಪಾದಿತರು ಪತ್ನಿಯನ್ನು ಇಟ್ಟುಕೊಳ್ಳಬಹುದು. ಆದರೆ ಪತ್ನಿಯು ಅವರ ವಿಷಯದಲ್ಲಿ ಅತೃಪ್ತಳಾಗಿರತಕ್ಕದ್ದು. ಹಾಗಿದ್ದಲ್ಲಿ ಅದು ಲಾಭವೆನಿಸುವುದಿಲ್ಲ. ಇದನ್ನು ಪ್ರತಿ ಗುರುವಾರ ಪರಿಶೀಲಿಸಲು ಭಾವಮೈದುನನನ್ನು ಅತೃಪ್ತಿ ಪರಿವೀಕ್ಷಕ ಎಂಬ ಹುದ್ದೆಗೆ ಏರಿಸಿ, ಓಡಾಡಲು ಒಂದು ಮೋಟಾರುಬೈಕನ್ನು ಕೊಡಲಾಯಿತು.

ಮೊದಲ ಗುರುವಾರ ಪರಿವೀಕ್ಷಕ ಬಂದು ಹೊಸ ಹಾಸಿಗೆಯ ಮೇಲೆ ಚಪ್ಪಲಿ ಸಮೇತ ಕೂತು, "ಅತೃಪ್ತಿ ಹೇಗಿದೆ ತಾಯೀ?" ಎಂದು ಕೇಳಿದ.

ಅವಳು ಸುಳ್ಳು ಹೇಳಬೇಕಾಗಲಿಲ್ಲ. "ಹೇಗಿದೆ ಅಂದ್ರೆ? ಯಾರೋ ಬಂದು ನಮ್ಮ ಸಂಸಾರ ತನಿಖೆ ಮಾಡ್ತಾರೆ, ಇವರು ಆಯ್ತು ಸಾರ್ ಅಂತ ಹಲ್ಲು ಕಿರೀತಾರೆ. ಮ್ಯಾಟಿನ ಮೇಲೆ ಅಷ್ಟು ದೊಡ್ಡ ಗೂಟ, ನಿಮ್ಮೆದುರಿಗೆ ಬಂದ್ರೆ ಬರೀ ಹತ್ತಿ. ಇವರನ್ನ ಕಟ್ಕೊಂಡು ನನಗೆ ಬಂದ ಭಾಗ್ಯ ಇದು. ಚಪ್ಪಲಿ ತೆಗೀರಿ ಮೊದಲು."

ಪರಿವೀಕ್ಷಕನ ವರದಿಯಲ್ಲಿ, "ಸ್ಥಳದಲ್ಲಿ ಪರಿಶೀಲಿಸಲಾಗಿ ಅತೃಪ್ತಿಯು ತೃಪ್ತಿಕರವಾಗಿದೆ" ಎಂದು ದಾಖಲಾಯಿತು. ಗೂಟನಿಗೆ ಹವ್ಯಾಸಿ ಪ್ರಮಾಣಪತ್ರ ಸಿಕ್ಕಿತು.

ಇಷ್ಟಕ್ಕೇ ಮುಗಿಯಬೇಕಿತ್ತು. ಮುಂದಿನ ಪಂದ್ಯಾವಳಿಯಲ್ಲಿ ಗೂಟ ಒಬ್ಬ ದಢೂತಿ ಆಸಾಮಿಯನ್ನು ಎತ್ತಿ ಕೆಡವಿ, ಹಳೆಯ ಅಭ್ಯಾಸಬಲದಿಂದ ಮ್ಯಾಟು ಬಡಿದು ನಕ್ಕುಬಿಟ್ಟ. ಮೂರನೇ ಸಾಲಿನಲ್ಲಿ ಹೆಂಡತಿಯ ಪಕ್ಕದಲ್ಲೇ ಕೂತು ಅತೃಪ್ತಿ ಗಮನಿಸುತ್ತಿದ್ದ ಪರಿವೀಕ್ಷಕ ಅದನ್ನು ಕಂಡ. ಮರುದಿನವೇ ಕಚೇರಿಯಿಂದ ಕರೆ ಬಂತು.

"ಗೆದ್ದಾಗ ನಿಮಗೆ ಏನಾಗುತ್ತೆ?" ಎಂದು ಕಾರ್ಯದರ್ಶಿಗಳು ಕೇಳಿದರು.

"ಏನೋ ಒಂಥರಾ ಆಗುತ್ತೆ ಸಾರ್."

"ಒಳ್ಳೇದಾಗುತ್ತಾ, ಕೆಟ್ಟದಾಗುತ್ತಾ?"

ಗೂಟ ಪ್ರಾಮಾಣಿಕವಾಗಿ ಯೋಚಿಸಿದ. ಹೆಂಡತಿಯ ಸಹವಾಸದಿಂದ ಅವನಿಗೂ ಸುಳ್ಳು ಬಾಯಿಗೆ ಬರುತ್ತಿರಲಿಲ್ಲ. "ಒಳ್ಳೇದೇ ಆಗುತ್ತೆ."

"ಎಲ್ಲಿ?"

ಗೂಟ ಎದೆಯ ಕೆಳಗೆ, ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದ. ಭಾವಮೈದುನ ಎದ್ದು ಬಂದು, ಬಗ್ಗಿ ನೋಡಿ, ಜಾಗವನ್ನು ಬರೆದುಕೊಂಡ.

ಆ ವಾರವೇ ಸುತ್ತೋಲೆ ಹೊರಬಿತ್ತು: "ವಿಜಯದಿಂದ ಉಂಟಾಗುವ ಸಂತೋಷವು ಲಾಭದ ವ್ಯಾಖ್ಯೆಯೊಳಗೆ ಬರುವುದರಿಂದ ಅದನ್ನು ಕುಸ್ತಿಪಟುವು ಸ್ವಂತಕ್ಕೆ ಬಳಸತಕ್ಕದ್ದಲ್ಲ. ಆದರೆ ಉಂಟಾದ ಸಂತೋಷವನ್ನು ಪೋಲು ಮಾಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದರಿಂದ, ಮಹಾಮಂಡಳಿಯ ಪರವಾಗಿ ಕಾರ್ಯದರ್ಶಿಗಳು ಅದನ್ನು ಆಯಾ ಸ್ಥಳದಲ್ಲಿಯೇ ಸ್ವೀಕರಿಸತಕ್ಕದ್ದು. ಹಾರ, ಚಪ್ಪಾಳೆ, ಛಾಯಾಚಿತ್ರ ಹಾಗೂ ಕೈ ಎತ್ತಿಸಿಕೊಳ್ಳುವುದು ಇದರಲ್ಲಿ ಸೇರಿರುತ್ತವೆ."

ಹೀಗಾಗಿ ಅದರ ಮುಂದಿನ ಪಂದ್ಯದಲ್ಲಿ ಗೂಟ ಗೆದ್ದಕೂಡಲೇ ಬದಿಗೆ ಸರಿದು ನಿಂತ. ಕಾರ್ಯದರ್ಶಿಗಳು ಬೂಟು ಬಿಚ್ಚಿ, ಹೆಬ್ಬೆರಳ ಬಳಿ ತೂತಾಗಿದ್ದ ಕಾಲುಚೀಲದಲ್ಲಿ ಮ್ಯಾಟು ಹತ್ತಿದರು. ರೆಫರಿ ಅವರ ಕೈ ಎತ್ತಿದ. ಅವರು ಮೊಣಕಾಲೂರಿ ಕೂತು ಮ್ಯಾಟು ಬಡಿದರು. ಆಮೇಲೆ ನಕ್ಕರು. ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು ಮುಂದಿನ ಸಾಲಿನವರು ನೀರು ತಂದುಕೊಟ್ಟರು.

ಸಂತೋಷ ಸರಿಯಾಗಿ ಸ್ವೀಕಾರವಾಗುತ್ತಿಲ್ಲ ಎಂಬುದು ಕಳವಳದ ವಿಷಯವಾಯಿತು. ಕಾರ್ಯದರ್ಶಿಗಳಿಗೆ ನಗುವಿನ ತರಬೇತಿ ನೀಡಲು ಗೂಟನಿಗೆ ಆದೇಶವಾಯಿತು. ತರಬೇತಿಯ ಉದ್ದೇಶಕ್ಕಾಗಿ ಮಾತ್ರ, ಕಚೇರಿಯ ವೇಳೆಯಲ್ಲಿ, ಪರಿವೀಕ್ಷಕರ ಸಮ್ಮುಖದಲ್ಲಿ ಅವನು ನಗಬಹುದೆಂದು ವಿಶೇಷ ಅನುಮತಿ ಕೊಟ್ಟರು. ಗೂಟ ಕಚೇರಿಯ ನೆಲದ ಮೇಲೆ ಮೊಣಕಾಲೂರಿ ಕೂತ. ಬಾಯಿ ತೆರೆದ. ನಗು ಬರಲಿಲ್ಲ. ಮತ್ತೆ ತೆರೆದ. ಏನೂ ಬರಲಿಲ್ಲ. ಕೊನೆಗೆ ವಸ್ತಾದರೇ ತಮ್ಮ ನೆನಪಿನಿಂದ ಆ ನಗುವನ್ನು ನಕ್ಕು ತೋರಿಸಿದರು. ಹಲ್ಲಿಲ್ಲದ ಬಾಯಲ್ಲಿ ಶಿಷ್ಯನ ನಗುವನ್ನು ನಗುತ್ತಾ ನಗುತ್ತಾ ಮುದುಕರ ಕಣ್ಣಲ್ಲಿ ನೀರು ಬಂತು. ತರಬೇತಿ ಯಶಸ್ವಿಯಾಯಿತು ಎಂದು ದಾಖಲಾಯಿತು.

ಕಾರ್ಯದರ್ಶಿಗಳು ಶ್ರದ್ಧೆಯ ಮನುಷ್ಯ. ಎರಡು ಪಂದ್ಯ ಕಳೆಯುವುದರೊಳಗೆ ನಗು ಅವರಿಗೆ ಒಗ್ಗಿತು. ಪತ್ರಿಕೆಗಳಲ್ಲಿ ಅವರ ಫೋಟೋ ಬಂತು. ತೋಳುಗಳನ್ನು ಮೈಯಿಂದ ದೂರ ಹಿಡಿದು ನಡೆಯತೊಡಗಿದರು. ಕತ್ತಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಪತ್ರಕರ್ತರು ಕೇಳಿದರೆ, "ಕೊನೇ ಗಳಿಗೇಲಿ ಅವನ ಎಡಗಾಲು ಸಿಕ್ತು, ಬಿಡಲಿಲ್ಲ ನಾನು" ಅನ್ನುತ್ತಿದ್ದರು. ಪತ್ರಕರ್ತರು ಹಾಗೆಯೇ ಬರೆಯುತ್ತಿದ್ದರು. ಮುಂದಿನ ಎದುರಾಳಿಗೆ ಯಾವ ಪಟ್ಟು ಹಾಕಬೇಕೆಂದು ತಿಳಿಯಲು ಗೂಟನೂ ಆ ಸಂದರ್ಶನಗಳನ್ನು ಗಮನವಿಟ್ಟು ಓದುತ್ತಿದ್ದ.

ಅವನು ಗೆಲ್ಲುತ್ತಲೇ ಇದ್ದ. ಮೊದಮೊದಲು ಎದೆ ಹೊಟ್ಟೆಗಳ ನಡುವೆ ಅದು ಬರುತ್ತಿತ್ತು. ಪಕ್ಕದ ಮನೆಗೆ ಬಂದ ನೆಂಟರಿಗೆ ದಾರಿ ತೋರಿಸಿ ಕಳಿಸುವಂತೆ ಅವನು ಅದನ್ನು ಕಾರ್ಯದರ್ಶಿಗಳ ಕಡೆಗೆ ಕಳಿಸಿಬಿಡುತ್ತಿದ್ದ. ಬರಬರುತ್ತಾ ಅದು ಬರುವುದೇ ನಿಂತುಹೋಯಿತು. ಗೆದ್ದು ಬಂದ ದಿನವೂ ಸೊಪ್ಪು ತರಲು ಹೋಗಿ ಬಂದವನ ಹಾಗೆ ಮನೆಯಲ್ಲಿ ಕೂತಿರುತ್ತಿದ್ದ.

ಒಂದು ಸಂಜೆ ಹೆಂಡತಿ ಗವಸಿಗೆ ಗುಂಡಿ ಹಾಕುತ್ತಾ, ತಲೆಯೆತ್ತದೆ ಹೇಳಿದಳು, "ನನಗೆ ಹೆದರಿಕೆ ಆಗ್ತಿದೆ ರೀ."

"ಯಾಕೆ? ನಾನು ಗೆಲ್ತಾನೇ ಇದೀನಲ್ಲ."

"ಗೆಲ್ತಿದೀರಿ. ನಾನು ಆ ನಗು ನೋಡಿ ಬಂದೋಳು. ಈಗ ಅದು ಇಲ್ಲ. ನಾನು ಯಾರ ಜೊತೆ ಇದೀನಿ ಅಂತ ಒಂದೊಂದು ಸಲ ಗೊತ್ತೇ ಆಗಲ್ಲ. ಮೊದಲೆಲ್ಲ ಆ ಮೋಟಾರುಬೈಕಿನೋನು ಬಂದಾಗ ಸಿಟ್ಟು ಬಂದು ಬೈತಿದ್ದೆ. ಈಗ ಬೈಯೋದಕ್ಕೂ ಬೇಜಾರು."

ಅವಳ ಮಾತು ಸುಳ್ಳಾಗಿರಲು ಸಾಧ್ಯವಿಲ್ಲವೆಂದು ಗೂಟನಿಗೆ ಗೊತ್ತಿತ್ತು, ಅದಕ್ಕೇ ಅವನಿಗೆ ಭಯವಾದದ್ದು. ಮರುದಿನ ಅಂಗಡಿಗೆ ಬೀಗ ಹಾಕಿ ಕಚೇರಿಗೆ ಹೋದ. ಕಾರ್ಯದರ್ಶಿಗಳು ಕತ್ತಿಗೆ ಬಿಸಿ ಬಟ್ಟೆ ಇಟ್ಟುಕೊಂಡು ಕೂತಿದ್ದರು.

"ಸಾರ್, ಒಂದು ಮಾತು ಕೇಳಬೇಕಿತ್ತು. ಗೆದ್ದರೆ ನಿಮ್ಮದು, ಸರಿ. ಸೋತರೆ?"

"ಸೋಲು ಪೂರ್ತಿ ನಿಮ್ಮದೇ. ಅವತ್ತೇ ಹೇಳಲಿಲ್ವಾ, ನಷ್ಟವನ್ನ ನಿಯಮ ಮುಟ್ಟಲ್ಲ. ನಿಮ್ಮ ಸೋಲಿಗೆ ಮಹಾಮಂಡಳಿ ಯಾವತ್ತೂ ಕೈ ಹಾಕೋದಿಲ್ಲ."

"ಖಂಡಿತಾ ಸಾರ್?"

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವೇನ್ರೀ? ಆದ್ರೆ ಆ ಚಿಂತೆ ಯಾಕೆ ಈಗ? ನಾವು ಇಲ್ಲೀವರೆಗೂ ಸೋತೇ ಇಲ್ವಲ್ಲ," ಎಂದು ಕಾರ್ಯದರ್ಶಿಗಳು ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡರು.

ಫೈನಲ್ ಪಂದ್ಯಕ್ಕೆ ಎದುರಾಳಿಯಾಗಿ ಬಂದವನು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟು ಯುವಕ. ಉಗುರುಗಳ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಗೂಟನ ಮುಂದೆ ನಿಲ್ಲುವುದೇ ದೊಡ್ಡದೆಂದು ಅವನು ಮೊದಲೇ ಬಗ್ಗಿ ನಮಸ್ಕಾರ ಮಾಡಿದ. ಸಭಾಂಗಣ ತುಂಬಿತ್ತು. ಕಾರ್ಯದರ್ಶಿಗಳು ಈ ಸಲ ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದರು. ಮೂರನೇ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಪರಿವೀಕ್ಷಕ.

ಗೂಟ ಮೊದಲಿನಿಂದಲೂ ಮುಂದಿದ್ದ. ಅಂಕಗಳು ಅವನ ಕಡೆ ಬೀಳುತ್ತಾ ಹೋದವು. ಸಮಯ ಮುಗಿಯುತ್ತಾ ಬಂತು. ಕಾರ್ಯದರ್ಶಿಗಳು ಬೂಟಿನ ದಾರ ಸಡಿಲಿಸಿ, ಗಂಟಲು ಸರಿಮಾಡಿಕೊಂಡು, ಮ್ಯಾಟಿನ ಅಂಚಿಗೆ ಬಂದು ನಿಂತರು. ಆಗ ಇಟ್ಟಿಗೆಯವನು ಹತಾಶನಾಗಿ ನುಗ್ಗಿ ಗೂಟನ ನೋವಿದ್ದ ಕಾಲನ್ನೇ ಹಿಡಿದ.

ಗೂಟ ಬೇಕೆಂದೇ ಸೋತ ಎಂದು ಯಾರೂ ಹೇಳಬಾರದು. ಹಾಗೆ ಹೇಳಿದವರ ಜೊತೆ ವಸ್ತಾದರು ಇವತ್ತಿಗೂ ಮಾತಾಡುವುದಿಲ್ಲ. ಸೋಲು ಬರುತ್ತಿರುವುದನ್ನು ಅವನು ನೋಡಿದ, ಬಾಗಿಲು ಹಾಕಲಿಲ್ಲ, ಅಷ್ಟೇ. ಕಾಲು ಕಿತ್ತುಬಂತು. ಬೆನ್ನು ಮ್ಯಾಟಿಗೆ ಬಡಿಯಿತು. ಒಂದು ಭುಜ ತಾಗಿತು, ಇನ್ನೊಂದೂ ತಾಗಿತು. ತಾನೇ ಹೊಲಿದಿದ್ದ ಹೊಲಿಗೆ ಬೆನ್ನಿಗೆ ಒತ್ತುವುದು ಅವನಿಗೆ ತಿಳಿಯಿತು. ಇಷ್ಟು ವರ್ಷ ಆಡಿದರೂ ಆ ಸಭಾಂಗಣದ ಚಾವಣಿಯನ್ನು ಅವನು ನೋಡಿರಲೇ ಇಲ್ಲ. ಅಲ್ಲೊಂದು ಪಾರಿವಾಳ ಗೂಡು ಕಟ್ಟಿತ್ತು.

ಎದೆಗೂ ಹೊಟ್ಟೆಗೂ ನಡುವೆ ಅದು ಬಂತು. ಇದು ನನ್ನದು, ಯಾರಿಗೂ ಕೊಡಬೇಕಾಗಿಲ್ಲ ಎಂದು ಅವನಿಗನ್ನಿಸಿತು. ಮಲಗಿದ್ದಲ್ಲೇ ಎರಡೂ ಅಂಗೈಯಿಂದ ಮ್ಯಾಟನ್ನು ಬಡಿದು, ಗೂಟ ಗಹಗಹಿಸಿ ನಕ್ಕ. ಪಾರಿವಾಳ ಹಾರಿಹೋಯಿತು. ಮೂರನೇ ಸಾಲಿನಿಂದ ಅವನ ಹೆಂಡತಿ ಪರಿವೀಕ್ಷಕನ ಕಾಲು ತುಳಿದುಕೊಂಡೇ ಓಡಿಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

"ಏಳ್ರೀ," ಎಂದು ಕೈ ಕೊಟ್ಟಳು. "ಬಂದ್ರಾ ನೀವು? ಎಷ್ಟು ದಿನ ಆಯ್ತು ನೋಡಿ."

ಯಾರ ಕೈ ಎತ್ತಬೇಕೆಂದು ತಿಳಿಯದೆ ರೆಫರಿ ತನ್ನ ಕೈಯನ್ನೇ ಅರ್ಧ ಎತ್ತಿ ನಿಂತಿದ್ದ. ಒಂದು ಬೂಟು ಬಿಚ್ಚಿ, ಒಂದು ಹಾಕಿಕೊಂಡಿದ್ದ ಕಾರ್ಯದರ್ಶಿಗಳ ಮುಖ ನೋಡಲಾಗುತ್ತಿರಲಿಲ್ಲ. ಅವರು ಮೊದಲ ಸಲ ಸೋತಿದ್ದರು. ಸಮಿತಿಯ ತುರ್ತು ಸಭೆಯು ತೂಕದ ಯಂತ್ರದ ಹಿಂದೆ ನಡೆಯಿತು. ಪರಿವೀಕ್ಷಕ ಕುಂಟುತ್ತಾ ಬಂದು ತಾನು ಕಂಡದ್ದನ್ನು ವರದಿ ಮಾಡಿದ. ಆಮೇಲೆ ಮೈಕಿನಲ್ಲಿ ಕಾರ್ಯದರ್ಶಿಗಳು ತೀರ್ಪನ್ನು ಓದಿದರು.

"ಮಾನ್ಯರೇ, ಸೋತ ಕುಸ್ತಿಪಟುವು ತನ್ನ ಸೋಲಿನಿಂದ ಬಹಿರಂಗವಾಗಿ ಸಂತೋಷ ಪಡೆದಿರುವುದು ಕಂಡುಬಂದಿದೆ. ಸಂತೋಷ ಕೊಡುವ ಸೋಲು ನಷ್ಟವೆನಿಸದೆ ಲಾಭವೆನಿಸುವುದರಿಂದ, ಸದರಿ ಸೋಲು ಹನ್ನೊಂದನೆಯ ನಿಯಮದಂತೆ ಮಹಾಮಂಡಳಿಗೆ ಸೇರಿರುತ್ತದೆ. ಮಹಾಮಂಡಳಿಯು ಅದನ್ನು ಪರಿಶೀಲಿಸಿ, ತನಗೆ ಬೇಡವೆಂದು ತಿರಸ್ಕರಿಸಿದೆ. ಯಾರಿಗೂ ಸೇರದ ಸೋಲು ನಡೆದಿದೆ ಎನ್ನಲು ಬರುವುದಿಲ್ಲ. ಆದ್ದರಿಂದ ಪಂದ್ಯವನ್ನು ನಾವು ಗೆದ್ದಿರುತ್ತೇವೆ."

ಒಂದು ಗಳಿಗೆ ಎಲ್ಲರೂ ಯೋಚಿಸಿದರು. ತೀರ್ಪಿನಲ್ಲಿ ಎಲ್ಲಿಯೂ ಲೋಪ ಕಾಣಲಿಲ್ಲ. ಚಪ್ಪಾಳೆ ಬಿತ್ತು. ಕಾರ್ಯದರ್ಶಿಗಳು ಇನ್ನೊಂದು ಬೂಟನ್ನೂ ಬಿಚ್ಚಿ ಮ್ಯಾಟು ಹತ್ತಿದರು, ರೆಫರಿ ನೆಮ್ಮದಿಯಿಂದ ಅವರ ಕೈ ಎತ್ತಿದ.

"ಹಾಗಾದ್ರೆ ನಾನು ಸೋತೆನಾ ಸಾರ್?" ಎಂದು ಇಟ್ಟಿಗೆಯವನು ಕೇಳಿದ.

"ಹೌದಪ್ಪಾ. ಬೇಜಾರಾಯ್ತಾ?"

"ಆಯ್ತು ಸಾರ್."

"ಬಹಳ ಒಳ್ಳೇದು. ಅದು ನಿನ್ನದೇ, ಯಾರೂ ಮುಟ್ಟಲ್ಲ," ಎಂದು ಕಾರ್ಯದರ್ಶಿಗಳು ಅವನ ಬೆನ್ನು ತಟ್ಟಿದರು.

ಎಲ್ಲರೂ ಗೂಟನ ಮುಖ ನೋಡಿದರು. ಅವನು ಹೆಂಡತಿಯ ಕೈಯನ್ನು ಬಿಟ್ಟು, "ಆಯ್ತು ಸಾರ್" ಅಂದ. ಜನ ಹೋದ ಮೇಲೆ, ಬಿದ್ದ ಜಾಗದಲ್ಲಿ ಬಿಚ್ಚಿಕೊಂಡಿದ್ದ ಹೊಲಿಗೆಯನ್ನು ಹಾಕಿ, ಮ್ಯಾಟು ಸುತ್ತಿಟ್ಟು ಮನೆಗೆ ಬಂದ. ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ, ಬಸ್ಸಿನಲ್ಲಿದ್ದವರಿಗೆ ಅದು ವಿಚಿತ್ರವಾಗಿ ಕಂಡಿತು.

ಆ ಫೈನಲ್ ಕಾರ್ಯದರ್ಶಿಗಳ ಬೆನ್ನಿಗೆ ಬಹಳ ಪೆಟ್ಟು ಕೊಟ್ಟಿತ್ತು. ಗಟ್ಟಿ ಹಾಸಿಗೆಯೊಂದನ್ನು ಹೊಲಿದುಕೊಡಬೇಕೆಂದು ಹೇಳಿಕಳಿಸಿದರು. ಗುರುವಾರ ಮಧ್ಯಾಹ್ನ ಗೂಟ ಅದರ ಕೊನೆಯ ಹೊಲಿಗೆ ಹಾಕಿ ದಾರ ಕಚ್ಚಿ ತುಂಡರಿಸುತ್ತಿದ್ದಾಗ ಹೆಂಡತಿ ಪರದೆ ಸರಿಸಿ ಬಂದು ನಿಂತಳು.

"ಆ ಇಟ್ಟಿಗೆಯವನು ನಿಮ್ಮನ್ನ ಹೇಗೆ ಕೆಡವಿದ?"

"ಕೆಡವಲಿಲ್ಲ. ಸೋಲು ತಿರಸ್ಕಾರ ಆಯ್ತಲ್ಲ."

"ನಾನು ಕಣ್ಣಾರೆ ನೋಡಿದೀನಿ. ಹೇಗೆ ಹಿಡಿದ, ತೋರಿಸಿ."

ಗೂಟ ಎದ್ದು ನಿಂತು, ಕಾಲು ಮುಂದೆ ಚಾಚಿ, "ಇಲ್ಲಿ, ಹೀಗೆ" ಅಂದ. ಅವಳು ಬಗ್ಗಿ ಎರಡೂ ಕೈಯಲ್ಲಿ ಅವನ ಕಾಲು ಹಿಡಿದು ಎಳೆದಳು. ಊರಿನ ಪೈಲ್ವಾನರಿಗೆಲ್ಲ ಅಲ್ಲಾಡದ ಗೂಟ ಬುಡಸಮೇತ ಕಿತ್ತುಬಂದು, ಕಾರ್ಯದರ್ಶಿಗಳ ಹಾಸಿಗೆಯ ಮೇಲೆ ಧೊಪ್ಪೆಂದು ಬಿದ್ದ. ಎರಡೂ ಭುಜ ತಾಗಿದವು. ಅವಳು ಅವನ ಎದೆಯ ಮೇಲೆ ಮೊಣಕೈ ಊರಿ, "ಚಿತ್!" ಅಂದಳು.

ಅವನು ಅಂಗೈಯಿಂದ ಹಾಸಿಗೆಯನ್ನು ಬಡಿದ. ಹತ್ತಿಯ ಧೂಳು ಎದ್ದಿತು. ನಗು ಅಂಗಡಿ ದಾಟಿ, ಬೀದಿ ದಾಟಿ ಹೋಯಿತು. ಅಷ್ಟರಲ್ಲಿ ಹೊರಗೆ ಮೋಟಾರುಬೈಕು ನಿಂತ ಸದ್ದಾಯಿತು.

ಗೂಟ ಬಾಯಿ ಮುಚ್ಚಿಕೊಂಡು ಮಲಗಿದ್ದಲ್ಲೇ ಮಲಗಿದ. ಅವಳು ಕೂದಲಿಗೆ ಹತ್ತಿದ್ದ ಹತ್ತಿಯನ್ನು ತೆಗೆದು, ಮುಖ ಸಿಂಡರಿಸಿಕೊಂಡು, ಪರದೆಯನ್ನು ಎಳೆದು, ಬಾಗಿಲಿಗೆ ಹೋದಳು.

"ನಗು ಕೇಳಿಸ್ತಲ್ಲ?" ಎಂದ ಪರಿವೀಕ್ಷಕ.

"ಪಕ್ಕದ ಮನೆಯದು," ಅಂದಳು ಅವಳು.

ಒಳಗೆ ಗೂಟ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದ.

"ಅತೃಪ್ತಿ ಹೇಗಿದೆ ತಾಯೀ?"

"ಇದ್ದ ಹಾಗೇ ಇದೆ. ಇವರಿಂದ ನನಗೆ ಒಂದು ಚೂರೂ ಸುಖ ಇಲ್ಲ."

ಹುಟ್ಟಿದಾಗಿನಿಂದ ಸುಳ್ಳಾಡದ ಬಾಯಿ ಒಂದರ ಹಿಂದೊಂದು ಎರಡು ಸುಳ್ಳು ಹೇಳಿತ್ತು, ಒಂದು ತೊದಲೂ ಇಲ್ಲದೆ. ಕುಸ್ತಿಯಲ್ಲಿ ಇಷ್ಟು ದೊಡ್ಡ ಬಹುಮಾನ ಗೂಟನಿಗೆ ಯಾವತ್ತೂ ಸಿಕ್ಕಿರಲಿಲ್ಲ. ನಿಯಮದ ಪ್ರಕಾರ ಅದನ್ನು ಒಪ್ಪಿಸಬೇಕಿತ್ತು. ಅವನು ಒಪ್ಪಿಸಲಿಲ್ಲ.

ಪರಿವೀಕ್ಷಕ ತೃಪ್ತಿಕರವೆಂದು ಬರೆದುಕೊಂಡ. ಆದರೂ ಕರ್ತವ್ಯ ಬಿಡುವ ಹಾಗಿಲ್ಲವಲ್ಲ, ಪಕ್ಕದ ಇಸ್ತ್ರಿ ಅಂಗಡಿಗೆ ಹೋಗಿ ಕೇಳಿದ.

"ಈಗ ನಕ್ಕಿದ್ದು ನೀವೇನಾ?"

ಇಸ್ತ್ರಿಯವನು ಕಾದ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಹೆಪ್ಪುಗಟ್ಟಿದ ಮುಖವನ್ನು ಮೇಲೆತ್ತಿದ. ಬಾಗಿಲಲ್ಲಿ ನಿಂತಿದ್ದ ಗೂಟನ ಹೆಂಡತಿಯನ್ನು ಒಮ್ಮೆ ನೋಡಿದ.

"ಹೌದು ಸಾರ್. ನಾನೇ."

"ನೀವು ಕುಸ್ತಿ ಆಡ್ತೀರಾ?"

"ಇಲ್ಲ ಸಾರ್."

"ಹಾಗಾದ್ರೆ ನಗಬಹುದು," ಎಂದು ಪರಿವೀಕ್ಷಕ ಅದನ್ನೂ ದಾಖಲಿಸಿಕೊಂಡು ಹೊರಟುಹೋದ.

ಗೂಟ ಈಗಲೂ ಚಾಂಪಿಯನ್ ಆಗಿದ್ದಾನೆ, ಪ್ರಮಾಣಪತ್ರ ಚಾಲ್ತಿಯಲ್ಲಿದೆ. ಅವನ ಗೆಲುವು ಕಾರ್ಯದರ್ಶಿಗಳ ಹೆಸರಿನಲ್ಲಿದೆ, ನಗು ಇಸ್ತ್ರಿ ಅಂಗಡಿಯವನ ಹೆಸರಿನಲ್ಲಿದೆ. ಈ ವ್ಯವಸ್ಥೆಯ ಬಗ್ಗೆ ಇದುವರೆಗೆ ಯಾರಿಂದಲೂ ದೂರು ಬಂದಿರುವುದಿಲ್ಲ.